ಹಾಜರಾಬಿಯ ಏಳು ಪೆಟ್ಟು

ಸವಣೂರಿನ ರೇಡಿಯೋ ರಿಪೇರಿ ಖಲಂದರನಿಗೆ ಸಿಟ್ಟು ಬರಿಸುವುದು ಸುಲಭವಿರಲಿಲ್ಲ. ಕೆಟ್ಟ ರೇಡಿಯೋವನ್ನು ತಾವೇ ಬಿಚ್ಚಿ, ಎರಡು ಸ್ಕ್ರೂ ಕಳೆದುಕೊಂಡು, ಉಳಿದದ್ದನ್ನು ಚೀಲದಲ್ಲಿ ತುಂಬಿಕೊಂಡು ಬರುವವರನ್ನೂ ಅವನು ಕೂರಿಸಿ ಚಹಾ ಕುಡಿಸುತ್ತಿದ್ದ. ಆದರೆ ಹಾನಗಲ್ಲಿನ ಮಧ್ವೇಶ ಮಾಸ್ತರರ ಅಟ್ಟದ ಮೇಲೆ ತಿಂಗಳಿಗೊಂದು ರವಿವಾರ ಕೂಡುತ್ತಿದ್ದ ಆ ಏಳೆಂಟು ಮಂದಿಯನ್ನು ಕಂಡರೆ ಅವನಿಗೆ ಸಿಟ್ಟಿಗಿಂತ ಬೇರೆ ಏನೋ ಬರುತ್ತಿತ್ತು. ಹಾಲಿನಲ್ಲಿ ನೊಣ ಬಿದ್ದಾಗ ಮುಖ ಹೇಗಾಗುತ್ತದೋ, ಮನಸ್ಸು ಹಾಗಾಗುತ್ತಿತ್ತು.

ಮಾಸ್ತರರು ಕಾಲೇಜಿನಲ್ಲಿ ಇಂಗ್ಲಿಷ್ ಕಲಿಸುವವರು. ಅವರ ಎಡಕ್ಕೆ ಶಿಗ್ಗಾಂವಿಯಲ್ಲಿ ಸರಕಾರಿ ಇಂಜಿನಿಯರಾಗಿದ್ದ ಗುರುರಾಜ, ಬಲಕ್ಕೆ ಹಿರೇಕೆರೂರಿನ ದನದ ಡಾಕ್ಟರ ವಿಠ್ಠಲ. ಉಳಿದವರು ಅಕ್ಕಿಆಲೂರಿನ ಕಡೆಯವರು. ಈ ಮೂವರು ತಲೆ ಆಡಿಸಿದಾಗ ತಾವೂ ಆಡಿಸುವುದು ಅವರ ಕೆಲಸ. ಎಲ್ಲರೂ ಓದಿದವರು, ಪಗಾರದವರು, ಅಜ್ಜ ಮುತ್ತಜ್ಜ ಸಂಸ್ಕೃತ ಗ್ರಂಥಗಳಿಗೆ ಟಿಪ್ಪಣಿ ಬರೆದ ಮನೆಗಳಿಂದ ಬಂದವರು. ಇವರು ಕೂಡಿ ಪ್ರೀತಿಸಿದ್ದು ಏನನ್ನೆಂದರೆ, ಐದು ಜನ ಉದ್ದಗೂದಲಿನ ವಿಲಾಯತಿ ಗಂಡಸರು ಯಾವುದೋ ದೊಡ್ಡ ಮೈದಾನದಲ್ಲಿ, ಸಾವಿರಾರು ಮಂದಿಯ ಎದುರು, ಗಿಟಾರು ಡ್ರಮ್ಮು ಬಡಿಯುತ್ತ ಒದರಿದ್ದನ್ನು ಹಿಡಿದ ಒಂದು ರಿಕಾರ್ಡನ್ನು. ಅದೇ ಬ್ಯಾಂಡಿನ ಬೇರೆ ರಿಕಾರ್ಡುಗಳನ್ನು ಇವರು ಮೂಸಿಯೂ ನೋಡುತ್ತಿರಲಿಲ್ಲ.

"ಖೋಲ್ಯಾಗ ಕೂತು ಯಾರು ಬೇಕಾದ್ರೂ ಛಂದ ಹಾಡ್ತಾರ," ಅನ್ನುತ್ತಿದ್ದರು ಮಾಸ್ತರರು. "ಮಂದಿ ಮುಂದ ಬೆವರು ಸುರಿಸಿ ಹಾಡಿದ್ದು ಇದು. ಜೀವ ಅದ ಇದರಾಗ."

ಜೀವದ ಮೇಲೆ ಇಷ್ಟು ಮಮತೆ ಇದ್ದವರು, ಬೀದಿಯಲ್ಲಿ ಭಜನೆಯವರು ತಾಳ ಬಾರಿಸುತ್ತ ಹೋದರೆ ಎದ್ದು ಕಿಟಕಿ ಹಾಕುತ್ತಿದ್ದರು. ಒಳಗೆ ಕ್ಯಾಸೆಟ್ಟಿನಲ್ಲಿ ಆ ದೂರದ ಮಂದಿ ಚಪ್ಪಾಳೆ ತಟ್ಟಿದಾಗ ಇವರೂ ತಟ್ಟುವರು. ಅಲ್ಲಿಯವರು ಸೀಟಿ ಹೊಡೆದಾಗ, ಸೀಟಿ ಹೊಡೆಯಲು ನಾಚಿಕೆಯಾಗಿ, ಕಣ್ಣು ಮುಚ್ಚುವರು. ಆಂಪ್ಲಿಫೈಯರು, ಸ್ಪೀಕರು ಹೊತ್ತುಕೊಂಡು ಸವಣೂರಿನಿಂದ ಬಸ್ಸಿನಲ್ಲಿ ಬರುತ್ತಿದ್ದ ಖಲಂದರ ಬಾಗಿಲ ಹತ್ತಿರ ಕೂತು ಇದನ್ನೆಲ್ಲ ನೋಡುತ್ತಿದ್ದ. ಅವನು ಒಳಗೆ ಸರಿದರೆ "ನೀ ಅಲ್ಲೇ ಕೂಡಪಾ, ಮಷೀನ್ ಕಡೆ ಲಕ್ಷ್ಯ ಇರ್ಲಿ" ಎಂದು ಯಾರಾದರೂ ಅನ್ನುತ್ತಿದ್ದರು.

ಆ ಕ್ಯಾಸೆಟ್ಟನ್ನು ತುಂಬಿದ್ದು ಅವನೇ. ಎಪ್ಪತ್ತೊಂಬತ್ತರ ಬೇಸಿಗೆಯಲ್ಲಿ ಯಲವಿಗಿ ಸ್ಟೇಷನ್ನಿಗೆ ಹಳಿ ಕೆಲಸಕ್ಕೆ ಬಂದಿದ್ದ ರೈಲ್ವೆ ಸಾಹೇಬರೊಬ್ಬರ ಹತ್ತಿರ ಮೂಲ ರಿಕಾರ್ಡ್ ಇತ್ತು. ಒಂದು ದಿನದ ಮಟ್ಟಿಗೆ ಕೊಟ್ಟರು. ಮಾಸ್ತರರು ಅದನ್ನು ಮಡಿ ಧೋತರದಲ್ಲಿ ಸುತ್ತಿ ಖಲಂದರನ ಮನೆಗೆ ತಂದು, ಮಠದ ಊಟಕ್ಕೆ ಹೋದರು. ರಿಕಾರ್ಡಿನಿಂದ ಟೇಪಿಗೆ ನೇರ ಎಳೆಯುವ ವೈರು ಆಗ ಖಲಂದರನ ಹತ್ತಿರ ಇರಲಿಲ್ಲ. ಸ್ಪೀಕರಿನ ಎದುರು ಟೇಪ್‌ರೆಕಾರ್ಡರ್ ಇಟ್ಟು, ಪಡಸಾಲೆಯಲ್ಲಿ ಕೂತಿದ್ದ ತಾಯಿ ಹಾಜರಾಬಿಗೆ ಸದ್ದು ಮಾಡಬೇಡವೆಂದು ಕೈ ಮುಗಿದು, ಗುಂಡಿ ಒತ್ತಿದ.

ಪಾಪ, ಆಕೆ ಒಂದು ತಾಸು ತುಟಿ ಬಿಚ್ಚಲಿಲ್ಲ. ಆಮೇಲೆ ಗಿಟಾರೂ ಒದರಾಟವೂ ನಿಂತು ಬರೀ ಡ್ರಮ್ಮು ಬಾರಿಸುವ ಜಾಗ ಬಂತು. ಹಾಡುವವರು ಎದ್ದು ಹೋದರು, ಯಾರೋ ಹುಡುಗ ಕೈಗೆ ಸಿಕ್ಕದ್ದನ್ನು ಬಡಿಯುತ್ತಿದ್ದಾನೆ ಎಂದು ಹಾಜರಾಬಿ ತಿಳಿದಳು. ಹಲ್ಲಿಲ್ಲದ ಮುದುಕಿ. ಊರಿನ ಹೆಸರುವಾಸಿ ವೀಳ್ಯದೆಲೆಯನ್ನೂ ಅಡಿಕೆಯನ್ನೂ ಹಿತ್ತಾಳೆಯ ಪುಟ್ಟ ಕುಟ್ಟಾಣಿಯಲ್ಲಿ ಹಾಕಿ ಏಳು ಪೆಟ್ಟು ಹಾಕಿದಳು. ಆಮೇಲೆ ಮಗ ಬಾಗಿಲಲ್ಲಿ ಬಂದು ಕಣ್ಣು ಬಿಟ್ಟದ್ದರಿಂದ ನಿಲ್ಲಿಸಿದಳು. ಆ ಏಳು ಪೆಟ್ಟು ಠಣ್ ಠಣ್ ಎಂದು ಕ್ಯಾಸೆಟ್ಟಿನಲ್ಲಿ ಕೂತುಬಿಟ್ಟವು.

ಮೊದಲ ರವಿವಾರ ಖಲಂದರ ತಪ್ಪಾಯಿತು ಎಂದು ಹೇಳಲೆಂದೇ ಹಾನಗಲ್ಲಿಗೆ ಬಂದಿದ್ದ. ಆದರೆ ಆ ಜಾಗ ಬಂದಾಗ ಮಾಸ್ತರರು ಬೆರಳೆತ್ತಿದರು. "ಕೇಳಿದ್ರೇನು? ಅಷ್ಟು ಗದ್ದಲದ ನಡುವ ಒಂದು ಸಣ್ಣ ಗಂಟಿ. ಎಂಥಾ ಧೈರ್ಯ ನೋಡ್ರಿ ಅವಂದು." ಗುರುರಾಜ "ಆಹಾ" ಅಂದ. ವಿಠ್ಠಲ ಕಣ್ಣೊರೆಸಿಕೊಂಡ. ಖಲಂದರ ಬಾಯಿ ಮುಚ್ಚಿಕೊಂಡ. ಅಷ್ಟು ಓದಿದವರನ್ನು ಒಂದು ಮಾತಿನಲ್ಲಿ ಮೂರ್ಖರನ್ನಾಗಿ ಮಾಡುವುದು ಅವನಿಗೆ ಆಗಲಿಲ್ಲ. ನಿಜ ಹೇಳಬೇಕೆಂದರೆ, ನೋಡುತ್ತ ಕೂಡುವುದರಲ್ಲಿ ಹೆಚ್ಚು ಮಜಾ ಇತ್ತು.

ಮುಂದೆ ಮಾಸ್ತರರು ಒಂದು ದೊಡ್ಡ ನೋಟಬುಕ್ಕಿನಲ್ಲಿ ಆ ರಿಕಾರ್ಡಿಗೆ ಟಿಪ್ಪಣಿ ಬರೆಯತೊಡಗಿದರು. ಅದರಲ್ಲಿ ಹನ್ನೊಂದು ಪುಟ ಆ ಏಳು ಪೆಟ್ಟಿಗೇ ಹೋದವು. ಏಳೇ ಏಕೆ, ಎಂಟೇಕಲ್ಲ. ಐದನೆಯದು ತುಸು ತಡವಾಗಿ ಬೀಳುವುದರ ಮರ್ಮವೇನು. ಐದನೆಯದಕ್ಕೆ ಮೊದಲು ಹಾಜರಾಬಿ ಹೊರಗೆ ಸಿಡಿದ ಅಡಿಕೆಯನ್ನು ಹೆಕ್ಕಿ ಹಾಕಿದ್ದಳು. ಬರಬರುತ್ತ ಒಂದು ಪದ್ಧತಿಯೂ ಆಯಿತು. ಆ ಜಾಗ ಬಂದಾಗ ಎಲ್ಲರೂ ಚಹಾದ ಸ್ಟೀಲ್ ಲೋಟ ಎಡಗೈಯಲ್ಲಿ ಹಿಡಿದು, ಬಲಗೈಯ ಚಮಚೆಯಿಂದ ಏಳು ಸಲ ಬಾರಿಸುವರು. ಐದನೆಯದನ್ನು ತಡಮಾಡುವರು.

ಖಲಂದರ ಮನೆಗೆ ಹೋದ ಕೂಡಲೇ ತಾಯಿ ಕೇಳುವಳು, "ಇವತ್ತು ನನ್ನ ಕುಟ್ಟಾಣಿಗೆ ಎಷ್ಟು ಮಂದಿ ತಲಿ ಅಲ್ಲಾಡ್ಸಿದ್ರು?"

"ಎಂಟು."

"ಅವರಿಗೆ ಹೇಳಬ್ಯಾಡಪ್ಪ. ನೊಂದ್ಕೋತಾರ."

ಎಂಬತ್ಮೂರರಲ್ಲಿ ರಂಜಾನಿಗೆ ಮೊದಲು ಹಾಜರಾಬಿ ತೀರಿಕೊಂಡಳು. ಮೂರು ದಿನ ಜ್ವರ, ಅಷ್ಟೆ. ತಾಯಿ ತೀರಿಕೊಂಡಳು, ಈ ತಿಂಗಳು ಬರುವುದಿಲ್ಲ ಎಂದು ಖಲಂದರ ಹೇಳಿಕಳಿಸಿದ್ದಕ್ಕೆ ಮಾಸ್ತರರು, ಹಾಗಾದರೆ ಮುಂದಿನ ರವಿವಾರ ಬರಲಿ ಎಂದು ಹೇಳಿಕಳಿಸಿದರು.

ನಲವತ್ತು ದಿನ ಕಳೆದ ಮೇಲೆ ಅವನು ಸ್ಪೀಕರು ಹೊತ್ತು ಹಾನಗಲ್ಲಿಗೆ ಹೋದ. ಡ್ರಮ್ಮಿನ ಜಾಗ ಬಂತು. ಚಮಚೆಗಳು ಮೇಲೆದ್ದವು. ಠಣ್ ಎಂದಿತು. ಖಲಂದರನಿಗೆ ತನ್ನ ಮನೆ ಕಣ್ಣಿಗೆ ಕಟ್ಟಿತು. ಪಡಸಾಲೆಯ ಕಂಬಕ್ಕೆ ಒರಗಿ, ಕಾಲು ಚಾಚಿ, ಸೆರಗಿನ ತುದಿಯನ್ನು ಹಲ್ಲಿಲ್ಲದ ಬಾಯಲ್ಲಿ ಕಚ್ಚಿ ಕುಟ್ಟುತ್ತಿದ್ದ ತಾಯಿ. ಇಪ್ಪತ್ತು ವರ್ಷ ಟೇಪು ರೇಡಿಯೋಗಳ ನಡುವೆ ಬದುಕಿದ್ದಾನೆ, ಊರ ಮಂದಿಯ ಲಗ್ನದ ಹಾಡು, ಮಕ್ಕಳ ತೊದಲು, ಪುಢಾರಿಗಳ ಭಾಷಣ ಎಲ್ಲ ತುಂಬಿಕೊಟ್ಟಿದ್ದಾನೆ. ಹೆತ್ತವಳ ಒಂದು ಮಾತು ಹಿಡಿದಿಟ್ಟಿರಲಿಲ್ಲ. ಒಂದು ಫೋಟೋ ಸಹ ಇರಲಿಲ್ಲ. ಆಕೆ ಈ ಲೋಕದಲ್ಲಿ ಮಾಡಿದ ಸದ್ದೆಂದು ಉಳಿದದ್ದು ಆ ಏಳು ಪೆಟ್ಟು. ಅದರ ಮೇಲೆ ಈ ಎಂಟು ಮಂದಿ ಚಮಚೆ ಬಾರಿಸುತ್ತಿದ್ದಾರೆ, ಆಕೆಯದು ಕೇಳಿಸದಂತೆ.

ಎಲ್ಲರೂ ಇಳಿದು ಹೋದ ಮೇಲೆ ಅವನು ಕೇಳಿದ. "ಮಾಸ್ತರ್ರಿ, ಆ ಕ್ಯಾಸೆಟ್ ಒಂದಿನ ನನಗ ಕೊಡ್ರಿ. ಒಂದು ನಕಲು ತಕ್ಕೊಂಡು ಕೊಡ್ತೇನಿ."

ಮಾಸ್ತರರು ಕ್ಯಾಸೆಟ್ಟನ್ನು ದೇವರ ಮನೆಯ ಬೆಳ್ಳಿ ಡಬ್ಬಿಯಲ್ಲಿಟ್ಟು ಬೀಗ ಹಾಕುತ್ತಿದ್ದರು. ಕೈ ತೊಳೆಯದೆ ಅವರು ಅದನ್ನು ಮುಟ್ಟುತ್ತಿರಲಿಲ್ಲ, ಬೇರೆಯವರಿಗೆ ಮುಟ್ಟಗೊಡುತ್ತಲೂ ಇರಲಿಲ್ಲ. "ನಮ್ಮ ಅಜ್ಜಾರು ತಾಡೋಲಿ ಹಸ್ತಪ್ರತಿ ಹೊಸ್ತಿಲಾ ದಾಟಿಸ್ತಿದ್ದಿಲ್ಲ," ಅಂದರು. "ನಕಲು ಆದ್ಹಂಗ ಮೂಲದ ತೇಜ ಹೋಗ್ತದ. ನಿನಗದು ತಿಳಿಯೂದಿಲ್ಲ ಬಿಡು."

ಮತ್ತೆರಡು ತಿಂಗಳು ಹೋದವು. ಒಂದು ರವಿವಾರ ಗುರುರಾಜ ಬಗಲಲ್ಲಿ ಚೌಕದ ಪೊಟ್ಟಣ ಹಿಡಿದು ಬಂದ. ಮುಂಬಯಿಯ ಸೋದರತ್ತೆಯ ಮಗ ಕಳಿಸಿದ್ದ ಮೂಲ ರಿಕಾರ್ಡು, ಹೊಚ್ಚ ಹೊಸದು. ಈ ಸಲ ರಿಕಾರ್ಡ್ ಪ್ಲೇಯರನ್ನೂ ನೇರ ವೈರನ್ನೂ ತರಬೇಕೆಂದು ಖಲಂದರನಿಗೆ ಮೊದಲೇ ಹೇಳಿದ್ದರು. ರಿಕಾರ್ಡು ತಿರುಗಿತು. ಎಲ್ಲ ಬಂತು, ಹಿಂದೆಂದೂ ಕೇಳದಷ್ಟು ತಿಳಿಯಾಗಿ. ಡ್ರಮ್ಮಿನ ಜಾಗ ಬಂತು. ಎಂಟು ಲೋಟ, ಎಂಟು ಚಮಚೆ ಎದ್ದವು.

ಡ್ರಮ್ಮು ಬಾರಿಸಿದವನು ಬಾರಿಸಿ ಮುಗಿಸಿದ. ಗಂಟೆ ಬರಲಿಲ್ಲ. ಎಂಟು ಚಮಚೆ ಗಾಳಿಯಲ್ಲೇ ನಿಂತಿದ್ದವು. ಅಕ್ಕಿಆಲೂರಿನವನೊಬ್ಬ ಅಭ್ಯಾಸದ ಮೇಲೆ ಒಂದು ಪೆಟ್ಟು ಹಾಕಿ, ಉಳಿದವರ ಮುಖ ನೋಡಿ, ಲೋಟ ಕೆಳಗಿಟ್ಟ.

"ಇದು ಪಾಠಾಂತರ," ಅಂದರು ಮಾಸ್ತರರು, ಚಮಚೆ ಇಳಿಸಿ. "ಮುಂಬಯಿ ಪ್ರತಿಯೊಳಗ ಯಾರೋ ತಗದಾರ. ನಮ್ಮದು ಶುದ್ಧ ಪಾಠ."

"ಮಾಸ್ತರ, ರಿಕಾರ್ಡಿಗೆ ಎಂಥಾ ಪಾಠಾಂತರರೀ," ಅಂದ ವಿಠ್ಠಲ. ದನದ ಡಾಕ್ಟರನಿಗೆ ನಗು ತಡೆಯಲಾಗಲಿಲ್ಲ. "ಹನ್ನೊಂದು ಪುಟ ಬರದೀರಿ. ಹರದು ಹಾಕ್ರಿ ಇನ್ನ."

ಗುರುರಾಜ ಇಂಜಿನಿಯರು, ಕೆಲಸದ ಮನುಷ್ಯ. "ವಾದ ಯಾಕ? ನಮ್ಮ ಕ್ಯಾಸೆಟ್ ಕೆಟ್ಟದ. ಅದನ್ನ ಅಳಿಸಿ, ಅದರ ಮ್ಯಾಲೇ ಈ ರಿಕಾರ್ಡ್ ತುಂಬಿಬಿಡೂಣು, ಈಗಿಂದೀಗ. ಖಲಂದರ, ವೈರ್ ತಂದೀಯಲ್ಲ?"

ಖಲಂದರ ವೈರನ್ನು ಚೀಲದ ತಳಕ್ಕೆ ತಳ್ಳಿದ. ಆಗ ಮಾಸ್ತರರು ಅವನ ಕಡೆ ತಿರುಗಿದರು. ನಾಲ್ಕು ವರ್ಷದಲ್ಲಿ ಅವನನ್ನು ಹಾಡಿನ ವಿಷಯಕ್ಕೆ ಮಾತಾಡಿಸಿದ್ದು ಅದೇ ಮೊದಲು. "ತುಂಬಿದಾಂವ ನೀನು. ಹೇಳು, ಆ ಗಂಟಿ ಮೂಲದಾಗ ಇತ್ತೋ ಇಲ್ಲೋ?"

ಇತ್ತು ಎಂದರೆ ಕ್ಯಾಸೆಟ್ ಉಳಿಯುತ್ತದೆ, ಬೆಳ್ಳಿ ಡಬ್ಬಿಯಲ್ಲಿ. ಇವರು ಸಾಯುವ ತನಕ ತಾಯಿಯ ಮೇಲೆ ಚಮಚೆ ಬಾರಿಸುತ್ತಾರೆ. ತಾಯಿಯ ಕುಟ್ಟಾಣಿ ಎಂದು ಹೇಳಿದರೆ ಮುದುಕಿಯೊಬ್ಬಳು ತಮ್ಮನ್ನು ಕುಣಿಸಿದಳೆಂಬ ಉರಿಗೆ ಈಗಲೇ ಅಳಿಸಿಹಾಕುತ್ತಾರೆ, ಅದೂ ತನ್ನ ಕೈಯಿಂದಲೇ. ರಿಪೇರಿಯವನಿಗೆ ಮೂರನೆಯ ದಾರಿ ಗೊತ್ತಿತ್ತು. ಗಿರಾಕಿಗೆ ತಪ್ಪು ಯಾರದೆಂದು ಗೊತ್ತಾದರೆ ಸಾಕು, ವಸ್ತುವಿನ ಕಡೆ ನೋಡುವುದಿಲ್ಲ.

"ಇರಲಿಲ್ರಿ," ಅಂದ. "ನನ್ನ ಮಷೀನಿನ ದೋಷ. ಒಳಗ ಒಂದು ತಗಡಿನ ಪತ್ರಾ ಸಡಲಿತ್ತು, ಅದು ಬಡದೈತಿ. ಆವತ್ತ ಗೊತ್ತಾಗಿತ್ತು, ಬೈತೀರಿ ಅಂತ ಹೇಳ್ಲಿಲ್ಲ. ಅದರ ಮ್ಯಾಲೆ ಮತ್ತ ತುಂಬಿದ್ರ ಹಳೇದು ಹಿಂದಿಂದ ಕೇಳಸ್ತೈತಿ. ಬ್ಯಾಡ್ರಿ. ಹೊಸಾ ಜಪಾನ್ ಕ್ಯಾಸೆಟ್ ತಂದೇನಿ, ನಂದ. ಅದರಾಗ ತುಂಬಿ ಕೊಡ್ತೇನಿ. ಆ ಕೆಟ್ಟದ್ದನ್ನ ನನ್ನ ಚೀಲದಾಗ ಒಗೀರಿ."

ಅರ್ಧ ತಾಸು ಬೈದರು. ನಾಲ್ಕು ವರ್ಷ ದನ ಕಾದಂಗ ಕಾದೀಯಲ್ಲೋ ನಮ್ಮನ್ನ, ಅಂದ ವಿಠ್ಠಲ. ಇಂಥವರ ಕೈಯಾಗ ಕಲಾ ಕೊಟ್ರ ಹೀಂಗ ಆಗೂದ, ಅಂದ ಗುರುರಾಜ. ಮಾಸ್ತರರು ಡಬ್ಬಿಯ ಬೀಗ ತೆಗೆದು, ಈ ಸಲ ಕೈ ತೊಳೆಯದೆ, ಕ್ಯಾಸೆಟ್ಟನ್ನು ಎರಡು ಬೆರಳಲ್ಲಿ ಹಿಡಿದು ಚೀಲಕ್ಕೆ ಒಗೆದರು. ಖಲಂದರ ತಲೆ ತಗ್ಗಿಸಿ ಎಲ್ಲ ಕೇಳಿಸಿಕೊಂಡ. ಸವಣೂರಿನ ಖಲಂದರನ ಮಷೀನು ಸಡಿಲ ಎಂದು ನಾಲ್ಕು ತಾಲೂಕಿನಲ್ಲಿ ಇವರು ಹೇಳಿಕೊಂಡು ಬರುತ್ತಾರೆ. ಬರಲಿ.

ಎರಡು ತಿಂಗಳು ಅವನನ್ನು ಯಾರೂ ಕರೆಯಲಿಲ್ಲ, ಬೇರೆ ಯಾರದೋ ಮಷೀನು ತರಿಸಿಕೊಂಡರು. ಆಮೇಲೆ ಒಂದು ಮಧ್ಯಾಹ್ನ ಮಾಸ್ತರರು ಒಬ್ಬರೇ ಸವಣೂರಿಗೆ ಬಂದು ಅಂಗಡಿಯ ಬೆಂಚಿನ ಮೇಲೆ ಕೂತರು. ಮೊದಲ ಸಲ ಅವನ ಕೈಯ ಚಹಾ ಕುಡಿದರು.

"ವಿಠ್ಠಲ ಬರೂದು ಬಿಟ್ಟ," ಅಂದರು. "ಆ ಜಾಗಾ ಬಂದ್ರ ಎಲ್ಲಾರ ಕೈ ಲೋಟಕ್ಕ ಹೋಗ್ತದ. ಬಾರಿಸೂಣಂದ್ರ ಒಳಗ ಏನೂ ಇಲ್ಲ. ಒಂದು ಕೆಲಸ ಮಾಡು. ಆ ನಿನ್ನ ಸಡಲ ಪತ್ರಾದ ಸದ್ದು ಹೊಸಾ ಕ್ಯಾಸೆಟ್ಟಿನಾಗ ಕೂಡಸ್ಲಿಕ್ಕೆ ಬರ್ತದೇನು?"

ಖಲಂದರ ಬೆಸುಗೆ ಕಡ್ಡಿಯನ್ನು ಕೆಳಗಿಟ್ಟ. "ಅದು ಪತ್ರಾ ಅಲ್ರಿ. ನಮ್ಮವ್ವ ಎಲಿ ಅಡಿಕಿ ಕುಟ್ಟಿದ್ದು."

ಮಾಸ್ತರರು ಒಳಗೊಳಗೇ ಏಳು ಎಣಿಸುತ್ತಿದ್ದರೆಂದು ಕಾಣುತ್ತದೆ, ಐದನೆಯದಕ್ಕೆ ಹುಬ್ಬು ತುಸು ತಡವಾಗಿ ಏರಿತು. "ಆಕಿಗೆ ಈ ಸಂಗೀತ ತಿಳೀತಿತ್ತೇನು?"

"ತಿಳೀತಿತ್ರಿ. ಮುಗೀತು ಅಂತ ತಿಳದಾಕಿ ಕುಟ್ಟಿದ್ಲು."

"ಅಂದ್ರೂ ತಾಳಕ್ಕ ಕೂತದ," ಅಂದರು ಅವರು, ಕಣ್ಣು ಮಿನುಗಿತು. "ಆಕಿನ್ನ ಒಮ್ಮೆ ಕುಟ್ಟಸ್ಲಿಕ್ಕೆ ಆಗ್ತದೇನು? ಈ ಸಲ ನೇರ ವೈರ್ ಹಚ್ಚಿ ಹಿಡ್ಕೋಬಹುದು."

ಖಲಂದರ ಅವರ ಮುಖವನ್ನೇ ನೋಡಿದ. ಕೆಟ್ಟ ಮನುಷ್ಯನಲ್ಲ. ಕೇಳಿದ್ದು ನೆನಪಿಲ್ಲ, ಅಷ್ಟೆ. ಜೀವ ಜೀವ ಎಂದು ಬರೆದು ಬರೆದು ನೋಟಬುಕ್ಕು ತುಂಬಿಸಿದ್ದಾರೆ.

"ತೀರಿಕೊಂಡಾಳ್ರಿ. ನಿಮಗ ಹೇಳಿ ಕಳಿಸಿದ್ದೆ."

ಮಾಸ್ತರರು ಲೋಟ ಕೆಳಗಿಟ್ಟರು. ಒಂದು ನಿಮಿಷ ನಾಚಿದರು. ಅದು ಸುಳ್ಳು ನಾಚಿಕೆಯಲ್ಲ. ಆದರೆ ನಿಮಿಷ ಮುಗಿದ ಕೂಡಲೇ ಅವರ ಕಣ್ಣು ಅಂಗಡಿಯ ಕಪಾಟಿನ ಕಡೆ ಹೋಯಿತು. "ಹಂಗಾದ್ರ ಆ ಹಳೇ ಕ್ಯಾಸೆಟ್..."

"ಅದು ಸಿಗಂಗಿಲ್ರಿ. ನಕಲೂ ಸಿಗಂಗಿಲ್ಲ. ಚಹಾ ಕುಡೀರಿ, ಹಾನಗಲ್ ಬಸ್ಸಿಗೆ ಇನ್ನೂ ಹೊತ್ತೈತಿ."

ಅವರು ಚಹಾ ಮುಗಿಸಿ, ಹೋಗಿಬರುತ್ತೇನೆಂದು ಸಹ ಹೇಳದೆ ಎದ್ದು ಹೋದರು. ಒಳಮನೆಯಿಂದ ತಂಗಿ ಶಾಕೀರಾ ಬಂದು ಯಾರು ಎಂದು ಕೇಳಿದಳು. ಗಿರಾಕಿ ಅಂದ. ಕಪಾಟು ತೆಗೆದು ಕ್ಯಾಸೆಟ್ಟನ್ನು ಕೈಗೆ ತೆಗೆದುಕೊಂಡ. ಅದರ ಬೆನ್ನಿಗೆ ಎರಡು ಪುಟ್ಟ ಪ್ಲಾಸ್ಟಿಕ್ ತುಣುಕುಗಳಿರುತ್ತವೆ. ಅವನ್ನು ಮುರಿದರೆ ಅದರ ಮೇಲೆ ಮತ್ತೇನನ್ನೂ ತುಂಬಲಿಕ್ಕೆ ಬರುವುದಿಲ್ಲ. ಖಲಂದರ ಸ್ಕ್ರೂಡ್ರೈವರಿನ ತುದಿಯಿಂದ ಒಂದನ್ನು ಮುರಿದ, ಆಮೇಲೆ ಇನ್ನೊಂದನ್ನು ಮುರಿದ.