ಶಾಲಿನ ಅಂಚು

ಕಿಟಕಿಯಿಂದ ಇಣುಕಿದ ಅಮ್ಲೆಸೆತ್ ತಟ್ಟನೆ ಹಿಂದೆ ಸರಿದಳು. ಓಣಿಯ ಏರಿನಲ್ಲಿ ಮೂವರು ಹಿರಿಯರು ಬಿಳಿ ಶಾಲು ಹೊದ್ದು, ಕೋಲೂರುತ್ತ ಈ ಕಡೆಗೇ ಬರುತ್ತಿದ್ದರು. ಮುಂದೆ ತೆಕ್ಲೆ ಅಜ್ಜ. ಅಸ್ಮಾರಾ ನಗರದ ಆ ಕೇರಿಯಲ್ಲಿ ಸಾವಿನ ಸುದ್ದಿಯನ್ನು ಒಬ್ಬರೇ ಬಂದು ಹೇಳುವುದಿಲ್ಲ, ಫೋನಿನಲ್ಲಂತೂ ಹೇಳುವುದೇ ಇಲ್ಲ. ಹೀಗೇ ಬೆಳಗಿನ ಹೊತ್ತು ಹಿರಿಯರು ಜೊತೆಗೂಡಿ ಬರುತ್ತಾರೆ.

ಮಗ ಮೆರ್ಹಾವಿ ಕದ್ದು ಗಡಿ ದಾಟಿ ಏಳು ತಿಂಗಳಾಗಿತ್ತು. ನೆರೆದೇಶದ ಖಾರ್ತೂಮಿನಿಂದ ಒಮ್ಮೆ ಫೋನು ಮಾಡಿದ್ದ, ಅಷ್ಟೇ.

"ರಿಶಾನ್, ಅಗುಳಿ ಹಾಕೇ! ನಾವು ಮನೇಲಿಲ್ಲ."

ಮಗಳು ಒಲೆಯ ಮುಂದೆ ಕಾಫಿ ಬೀಜ ಹುರಿಯುತ್ತಿದ್ದಳು. "ಘಮ ಓಣಿ ತುಂಬ ಹೋಗಿದೆ. ಮನೇಲಿಲ್ಲ ಅಂದ್ರೆ ಯಾರಮ್ಮ ನಂಬ್ತಾರೆ?"

ಅಮ್ಲೆಸೆತ್ ತಾನೇ ಹೋಗಿ ಅಗುಳಿ ಜಡಿದಳು. ಕೂತಳು, ಎದ್ದಳು, ಗೂಟದಲ್ಲಿದ್ದ ಶಾಲು ಎಳೆದು ಹೊದ್ದು ಮತ್ತೆ ಕಿಟಕಿಗೆ ಓಡಿದಳು. ಅವರ ಶಾಲಿನ ಬಣ್ಣದ ಅಂಚು ಕೆಳಗಿದ್ದರೆ ಶುಭ, ಕೊರಳ ಬಳಿ ಇದ್ದರೆ ಸೂತಕ. ಹಾಳು ಬಿಸಿಲು ಕಣ್ಣಿಗೆ ಹೊಡೆದು ಏನೂ ಕಾಣಲಿಲ್ಲ.

ಬಾಗಿಲು ಬಡಿದ ಸದ್ದು.

"ತೆಗೆಯೋದಿಲ್ಲ! ನಿಮ್ಮ ಕಾಲಿಗೆ ಬೀಳ್ತೀನಿ ಅಜ್ಜಾ, ನನಗೇನೂ ಹೇಳ್ಬೇಡಿ, ಹೋಗ್ಬಿಡಿ!" ಕೇಳಿಸಿಕೊಳ್ಳದಿದ್ದರೆ ಮಗ ಬದುಕಿರುತ್ತಾನೆಂಬ ಹುಚ್ಚು ಹಟ ಅವಳದು.

ಹೊರಗಿನಿಂದ ಅಜ್ಜನ ನಗು ಕೇಳಿತು. "ಹೆಣ್ಣು ಕೇಳೋಕೆ ಬಂದವರನ್ನ ಹೊಸಿಲಾಚೆ ನಿಲ್ಲಿಸ್ತಾರೇನಮ್ಮಾ? ಹಿಟ್ಟಿನ ಗಿರಣಿ ಬರಾಖಿ ಮಗನಿಗೆ ನಿನ್ನ ರಿಶಾನ್‌ನ ಕೇಳೋಣ ಅಂತ ಬಂದ್ವಿ. ನನ್ನ ಮಂಡಿ ನೋವು ನೋಡಿಯಾದ್ರೂ ತೆಗಿ!"

ಅಗುಳಿ ತೆಗೆದವಳು ರಿಶಾನ್. ಅವಳ ಮುಖ ಕೆಂಪೇರಿತ್ತು. ಕಳ್ಳಿ, ಇವಳಿಗೆ ಮೊದಲೇ ಗೊತ್ತಿತ್ತು! ಮುಂಜಾನೆಯೇ ಅಷ್ಟೊಂದು ಬೀಜ ಹುರಿಯಲು ಕೂತದ್ದು ಸುಮ್ಮನೆಯೇ?

"ಮೊದಲೇ ಹೇಳಿ ಕಳಿಸೋಕೆ ಏನಾಗಿತ್ತು ಅಜ್ಜಾ ನಿಮಗೆ? ನನ್ನ ಜೀವ ಬಾಯಿಗೆ ಬಂದಿತ್ತು!" ಅಮ್ಲೆಸೆತ್ ನಗುತ್ತ, ಬಯ್ಯುತ್ತ, ಕಣ್ಣೊರೆಸಿಕೊಳ್ಳುತ್ತ ಮಣೆ ಹಾಕಿದಳು.

ಅಜ್ಜ ನಗುತ್ತಿರಲಿಲ್ಲ. ಅವಳ ಕೊರಳನ್ನೇ ನೋಡುತ್ತಿದ್ದ.

"ಅಂಚು ಕೆಳಗೆ ಮಾಡ್ಕೋ, ತಾಯಿ," ಎಂದ ಮೆಲ್ಲಗೆ.

ಅವಳು ಬಗ್ಗಿ ನೋಡಿಕೊಂಡಳು. ಬಣ್ಣದ ಅಂಚು ಕೊರಳನ್ನು ಸುತ್ತಿಕೊಂಡಿತ್ತು. ಯಾವಾಗ ಹಾಗೆ ಹೊದ್ದಳೋ ಅವಳಿಗೇ ತಿಳಿಯದು. ರಿಶಾನ್ ಬಂದು ಅಮ್ಮನ ಶಾಲು ತೆಗೆದು, ಒಮ್ಮೆ ಕೊಡವಿ, ತಿರುಗಿಸಿ ಹೊದಿಸಿದಳು.

ಹಿರಿಯರು ಗಂಡಿನ ಏಳು ತಲೆಮಾರಿನ ಹೆಸರು ಹೇಳತೊಡಗಿದರು. ಅಮ್ಲೆಸೆತ್ ತಲೆಯಾಡಿಸುತ್ತಿದ್ದಳು. ಮಡಿಲಿಗೆ ಬಿದ್ದ ಅಂಚನ್ನು ಮಾತ್ರ ಎರಡೂ ಕೈಯಲ್ಲಿ ಬಿಗಿಯಾಗಿ ಒತ್ತಿ ಹಿಡಿದಿದ್ದಳು, ಎಲ್ಲಿ ಮತ್ತೆ ಮೇಲೇರೀತೋ ಎಂಬಂತೆ.