ಸುತ್ತು ಬಿದ್ದ ಬಾಣಗಳು

ಅತ್ತೆಯನ್ನು ಕರೆದರೆ ಅಪ್ಪನ ಹಟ ಮುರಿದಂತಾಗುತ್ತದೆಯೆ, ಕರೆಯದಿದ್ದರೆ ಅಪ್ಪನಿಗೇ ಅನ್ಯಾಯ ಮಾಡಿದಂತಾಗುತ್ತದೆಯೆ ಎಂದು ತಿಳಿಯದೆ ಧಮ್ಮಪಾಲ ತಾಡಪತ್ರಿಯ ಹಗ್ಗ ಹಿಡಿದು ನಿಂತಿದ್ದ. ಒಂದು ತುದಿಯನ್ನು ಬೇವಿನ ಟೊಂಗೆಗೆ ಕಟ್ಟಿಯಾಗಿತ್ತು. ಇನ್ನೊಂದು ಅವನ ಕೈಯಲ್ಲೇ ಇತ್ತು. ಕೆಳಗೆ, ಅಂಗಳದ ಚಾಪೆಯ ಮೇಲೆ, ಬಿಳಿ ಬಟ್ಟೆ ಹೊದ್ದು ಅಪ್ಪ ಮಲಗಿದ್ದ.

“ಕಟ್ಟೋ ತಮ್ಮಾ, ನಿಮ್ಮಪ್ಪನ ಕಾಲಿಗಿ ಬಿಸಲು ಬಡಿಯಾಕತ್ತದ,” ಎಂದ ದೇವೀಂದ್ರಪ್ಪ. ಅವನು ಅದೇ ಓಣಿಯವನು, ಅಪ್ಪನ ಜೊತೆ ಶಾಲೆ ಕಲಿತವನು.

ಧಮ್ಮಪಾಲ ಹಗ್ಗ ಕಟ್ಟಿದ. ಪ್ರಶ್ನೆ ಹಾಗೆಯೇ ಉಳಿಯಿತು.

ಅಪ್ಪ ಜಗದೇವ ತೀರಿಕೊಂಡದ್ದು ನಸುಕಿನಲ್ಲಿ. ಎದೆ ಉರಿಯುತ್ತದೆ ಎಂದು ಎದ್ದು ಕೂತವನು ನೀರು ಕೇಳಿದ, ತರುವಷ್ಟರಲ್ಲಿ ಗೋಡೆಗೆ ಒರಗಿದ್ದ. ಗುತ್ತಿಗೆದಾರರ ಕಂಪನಿಯೊಂದರಲ್ಲಿ ಅವನು ಪ್ಲಾನಿಂಗ್ ಇಂಜಿನಿಯರ್. ಸೇತುವೆಯಿರಲಿ, ನೀರಿನ ಟ್ಯಾಂಕಿರಲಿ, ಯಾವ ಕೆಲಸ ಮುಗಿದ ಮೇಲೆ ಯಾವುದು ಶುರುವಾಗಬೇಕು ಎಂಬುದನ್ನು ದೊಡ್ಡ ಹಾಳೆಯ ಮೇಲೆ ಗುಂಡು ಗುರುತು ಮತ್ತು ಬಾಣಗಳಲ್ಲಿ ಬರೆಯುವುದು ಅವನ ಉದ್ಯೋಗ. ಒಂದೊಂದು ಬಾಣವೂ ಒಂದೊಂದು ಕೆಲಸ. ಬಾಣದ ಹಿಂದಿರುವುದೆಲ್ಲ ಮುಗಿಯದೆ ಆ ಕೆಲಸ ಹೊರಡುವಂತಿಲ್ಲ. ಆಫೀಸಿನಲ್ಲಿ ಅದಕ್ಕೆ ನೆಟ್‌ವರ್ಕ್ ಎನ್ನುತ್ತಿದ್ದರು. ಊರಲ್ಲಿ, ಅತನೂರಿನಲ್ಲಿ, ಅದು ‘ಜಗದೇವನ ಗುಂಡು-ಬಾಣ’. ಮದುವೆಯಾಗಲಿ, ಮನೆ ಕಟ್ಟುವುದಾಗಲಿ, ಜನ ಬಂದು ಬರೆಸಿಕೊಂಡು ಹೋಗುತ್ತಿದ್ದರು. ಚಾ ಕುಡಿಯಲಿಕ್ಕೂ ನಕ್ಷೆ ಬರೆಯುವವನು ಎಂದು ಹಿಂದೆ ನಗುತ್ತಲೂ ಇದ್ದರು.

ದೇವೀಂದ್ರಪ್ಪ ತನ್ನ ಮಗಳ ಮದುವೆಯ ಕತೆ ತೆಗೆದ. ಪೆಂಡಾಲು, ಅಡುಗೆಯವರು, ನೀರಿನ ಟ್ಯಾಂಕರು ಎಲ್ಲ ನಕ್ಷೆಯಂತೆ ಹೊತ್ತಿಗೆ ಸರಿಯಾಗಿ ಬಂದವಂತೆ. ಬರದವನು ಮದುಮಗ ಒಬ್ಬನೇ.

“ಅವನ್ನ ಕರ್ಕೊಂಡು ಬರಾಕ ಗಾಡಿ ಕಳಸೋ ಬಾಣಾನೇ ಬಿಟ್ಟಿದ್ದ ಜಗದೇವ. ಅಳಿಯ ಹವಳಗಾ ಫ್ಯಾಕ್ಟರಿ ಗೇಟಿನಾಗ ಹೊಸ ಅರಿವಿ ಹಾಕ್ಕೊಂಡು ಕುಂತಿದ್ದ. ಕಡೀಕ ಕಬ್ಬಿನ ಟ್ರ್ಯಾಕ್ಟರಿನ್ಯಾಗ ಬಂದ.”

ಕೂತವರು ನಕ್ಕರು. ನಕ್ಕು, ಹೆಣದ ಕಡೆ ನೋಡಿ ಟವೆಲಿನಿಂದ ಬಾಯಿ ಮುಚ್ಚಿಕೊಂಡರು.

ಇಂದು ನಕ್ಷೆ ಬರೆಯುವವನಿಲ್ಲದೆ ಎಲ್ಲವೂ ನಿಂತಿತ್ತು. ಕುಣಿ ತೋಡುವವರು ಹೊಲದ ಬದುವಿನಲ್ಲಿ ಸಲಿಕೆ ಹಿಡಿದು, ಜಾಗ ತೋರಿಸಲು ಧರ್ಮಣ್ಣ ಬರಲಿ ಎಂದು ಕಾಯುತ್ತಿದ್ದರು. ಜಗದೇವನ ದೊಡ್ಡಪ್ಪನ ಮಗನೂ ಮನೆತನಕ್ಕೆ ಹಿರಿಯನೂ ಆದ ಧರ್ಮಣ್ಣ, ಮಣ್ಣು ಮಾಡಿಸುವ ಬೌದ್ಧ ಭಿಕ್ಷು ಭಂತೇಜಿ ಬರಲಿ ಎಂದು ಕುರ್ಚಿ ಬಿಟ್ಟು ಏಳದೆ ಕೂತಿದ್ದ. ಭಂತೇಜಿ ಅಫಜಲಪುರದಿಂದ ಫೋನು ಮಾಡಿ, ಮೈ ತೊಳೆದಾದ ಮೇಲೆ ತಿಳಿಸಿ, ಹೊರಡುತ್ತೇನೆ ಎಂದಿದ್ದರು. ಮೈ ತೊಳೆಯುವ ನೀರು ಕಾದು, ಆರಿ, ಮತ್ತೆ ಕಾಯುತ್ತಿತ್ತು. ಹಂಡೆಯ ಪಕ್ಕದಲ್ಲಿ ಜಗದೇವನ ತಾಯಿ ಸಾಬವ್ವ ತಂಬಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ಯಾರು ಕೇಳಿದರೂ ಕೊಡಲೊಲ್ಲಳು. ಯಾಕೆಂದು ಹೇಳಲೂ ಒಲ್ಲಳು.

ಯಾಕೆಂದು ಎಲ್ಲರಿಗೂ ಗೊತ್ತಿತ್ತು. ಅಣ್ಣ ಸತ್ತರೆ ಮೊದಲ ತಂಬಿಗೆ ನೀರನ್ನು ತಂಗಿ ಹಾಕಬೇಕು. ಅದು ಈ ಮನೆಯ ರೂಢಿ. ತಂಗಿ ಮಧುಮತಿ ಇದ್ದದ್ದು ಆಳಂದದ ಆಚೆಯ ಖಜೂರಿಯಲ್ಲಿ. ಅವಳು ಈ ಹೊಸ್ತಿಲು ತುಳಿಯದೆ, ಅವಳ ಮಗಳು ಹೈಸ್ಕೂಲಿಗೆ ಹೋಗುವಷ್ಟು ಕಾಲವಾಗಿತ್ತು.

ಬೇರೆ ಜಾತಿಯ ಹರಿಯನ್ನು ಮೆಚ್ಚಿ ಕಲಬುರಗಿಯಲ್ಲಿ ಅವಳು ರಿಜಿಸ್ಟರ್ ಮದುವೆಯಾದಾಗ ಧರ್ಮಣ್ಣ ಯಾರನ್ನೂ ಹೋಗಗೊಡಲಿಲ್ಲ. ಏನಾದರಾಗಲಿ, ಸಾಕ್ಷಿ ಸಹಿ ನನ್ನದು ಎಂದು ಮಾತು ಕೊಟ್ಟವನು ಜಗದೇವನೊಬ್ಬನೇ. ಅದೇ ದಿನ ಜೇವರ್ಗಿ ಹತ್ತಿರ ಅವನ ಸೇತುವೆಗೆ ಸ್ಲ್ಯಾಬ್ ಹಾಕುವುದಿತ್ತು. ಅದನ್ನು ಮುಗಿಸಿಯೇ ಮದುವೆಗೆ ಹೋಗಲು ಹೊತ್ತು ಉಳಿಯುತ್ತದೆ ಎಂದು ಲೆಕ್ಕ ಹಾಕಿದ್ದ. ಮಿಕ್ಸರ್ ಕೆಟ್ಟಿತು. ಕಚೇರಿಯಲ್ಲಿ ಕಾದು ಕಾದು ಮಧುಮತಿ ಕೊನೆಗೆ ಹೊರಗೆ ಕೂತಿದ್ದ ಟೈಪಿಸ್ಟನಿಂದ ಸಹಿ ಹಾಕಿಸಿದಳು. ಅಣ್ಣ ಧರ್ಮಣ್ಣನಿಗೆ ಹೆದರಿ ಬರಲಿಲ್ಲ ಎಂದೇ ತಿಳಿದಳು.

*

ಕಾಲೇಜಿನಲ್ಲಿದ್ದಾಗ ಧಮ್ಮಪಾಲ ಒಂದು ಭಾನುವಾರ ತಾನು ಬರೆದ ನೆಟ್‌ವರ್ಕನ್ನು ಅಪ್ಪನ ಮುಂದೆ ಹಾಸಿದ್ದ. ಜಗದೇವ ಪೆನ್ನಿನ ತುದಿಯಿಂದ ಒಂದೊಂದೇ ಬಾಣದ ಮೇಲೆ ಹೋಗುತ್ತ ಒಂದು ಕಡೆ ನಿಂತ. ಕಬ್ಬಿಣ ಕಟ್ಟುವುದು ತಪಾಸಣೆಗೆ ಕಾಯುತ್ತಿತ್ತು, ತಪಾಸಣೆ ಸೆಂಟ್ರಿಂಗಿನ ಹಲಗೆ ಕಟ್ಟುವುದಕ್ಕೆ, ಸೆಂಟ್ರಿಂಗ್ ಮತ್ತೆ ಕಬ್ಬಿಣಕ್ಕೆ.

“ಇದು ಸುತ್ತು ಬಿದ್ದದ ನೋಡು,” ಎಂದ. “ಈ ಕೆಲಸ ಎಂದೂ ಚಾಲೂ ಆಗಂಗಿಲ್ಲ. ಒಬ್ರ ಮಾರಿ ಒಬ್ರು ನೋಡ್ಕೊಂತ ಕೂಡ್ತಾರ.”

“ಯಾವ ಬಾಣ ತಪ್ಪಪ್ಪಾ?”

“ತಪ್ಪು ಯಾವದಂತ ಹುಡುಕ್ಕೊಂತ ಕೂಡಬ್ಯಾಡ. ಮೊದಲ ಯಾವದರ ಒಂದು ಕಡಿ. ಕೆಲಸ ನಡೀತದ.”

ಒಳಗೆ ರೊಟ್ಟಿ ಬಡಿಯುತ್ತಿದ್ದ ಸಾಬವ್ವ ಕೈ ನಿಲ್ಲಿಸಿದಳು. ಓಣಿಯವರಿಗೆ ಮಧು ಸಿಕ್ಕಿದ್ದಳಂತೆ, ಅಣ್ಣ ಯಾಕೆ ಬರಲಿಲ್ಲ ಎಂದು ಅವನೇ ಬಂದು ಹೇಳಲಿ ಎಂದಳಂತೆ ಎಂದು, ಯಾರಿಗೋ ಹೇಳುವಂತೆ ಒಲೆಯ ಕಡೆ ಮುಖ ಮಾಡಿ ಹೇಳಿದಳು.

“ಆಕೀನೇ ಕೇಳಲಿ, ಹೇಳ್ತೇನಿ,” ಎಂದ ಜಗದೇವ.

ಆಮೇಲೆ ಅವನು ಪೆನ್ನಿನ ಟೋಪಿ ತೆಗೆದ, ಹಾಕಿದ, ಮತ್ತೆ ತೆಗೆದ. ಮಗನ ಹಾಳೆಯ ಮೇಲೆ ಒಂದು ಬಾಣವನ್ನು ಹೊಡೆದುಹಾಕಿ, ಅಂಗಳಕ್ಕೆ ಹೋಗಿ ಮನೆಗೆ ಬೆನ್ನು ಮಾಡಿ ನಿಂತ. ಧಮ್ಮಪಾಲ ಕಿಟಕಿಯಿಂದ ನೋಡಿದ್ದ. ಆ ಬೆನ್ನಿಗೆ ಏನು ಕೇಳಬೇಕೆಂದು ಆಗ ಅವನಿಗೆ ತಿಳಿದಿರಲಿಲ್ಲ.

*

“ದೊಡ್ಡಪ್ಪಾ, ಮಧು ಅತ್ತಿಗಿ ಫೋನ್ ಮಾಡ್ಲೇನು?”

ಧರ್ಮಣ್ಣ ನೆಲ ನೋಡಿದ. “ಮದುವಿ ದಿನ ನಮ್ಮನ್ನ ಬ್ಯಾಡಂದಾಕಿ. ನಾ ಹ್ಯಾಂಗ ಕರೀಲಿ? ನಿಮ್ಮ ಆಯಿ ಹೇಳಿದ್ರ ಹೇಳಲಿ.”

ಧಮ್ಮಪಾಲ ಹಂಡೆಯ ಹತ್ತಿರ ಹೋಗಿ ಕುಕ್ಕರಗಾಲಲ್ಲಿ ಕೂತ. ಸಾಬವ್ವ ತಂಬಿಗೆಯ ಕಂಠವನ್ನು ಹೆಬ್ಬೆರಳಿನಿಂದ ಉಜ್ಜುತ್ತಿದ್ದಳು. “ಮನೀಗಿ ಹಿರೇರು ಅವರು,” ಎಂದಳು. “ಅವರು ಹೇಳಲಿ.”

ಧಮ್ಮಪಾಲ ಆ ತಂಬಿಗೆಯನ್ನು ನೋಡಿದ, ಆ ಕುರ್ಚಿಯನ್ನು ನೋಡಿದ. ಮತ್ತೆ ಯಾರನ್ನೂ ಕೇಳಲಿಲ್ಲ. ಗೋಡೆಯ ಹಿಂದೆ ಹೋಗಿ ಫೋನು ತೆಗೆದ.

“ಅತ್ತಿ, ನಾ ಧಮ್ಮಪಾಲ.”

ಆ ಕಡೆಯಿಂದ ಬಸ್ಸಿನ ಹಾರ್ನು, ಕಂಡಕ್ಟರನ ಕೂಗು ಕೇಳಿಸಿತು.

“ಅಪ್ಪ...”

“ವಾಟ್ಸಾಪಿನಾಗ ಫೋಟೋ ನೋಡಿದೆ,” ಎಂದಳು ಮಧುಮತಿ. “ಬಸ್‌ ಸ್ಟ್ಯಾಂಡಿನಾಗ ಕುಂತೇನಿ.”

“ಆಳಂದದಾಗೇನು?”

“ನಿಮ್ಮೂರಾಗ. ಮುಂಜಾನಿಂದ. ಯಾರರ ಕರೀತಾರೇನೋ ಅಂತ.”

ಅವನು ಚಪ್ಪಲಿಯಿಲ್ಲದೆ ಓಡಿದ. ಬಸ್‌ ನಿಲ್ದಾಣದ ಕಟ್ಟೆಯ ಮೇಲೆ ಅವಳು, ಪಕ್ಕದಲ್ಲಿ ಹರಿ, ಇಬ್ಬರ ನಡುವೆ ಬಾಯಿ ಕಟ್ಟಿದ ಒಂದು ಪ್ಲಾಸ್ಟಿಕ್ ಚೀಲ. ಅದರಲ್ಲಿ ಬಿಳಿ ಬಟ್ಟೆಯಿತ್ತು.

ಅಂಗಳಕ್ಕೆ ಬಂದಾಗ ಕೂತವರು ಸರಿದು ದಾರಿ ಬಿಟ್ಟರು. ಮಧುಮತಿ ಅಳುತ್ತಾಳೆ ಎಂದು ಹೆಂಗಸರು ಸೆರಗು ಹಿಡಿದು ಸಿದ್ಧರಾಗಿದ್ದರು. ಅವಳು ಅಳಲಿಲ್ಲ. ಸಾಬವ್ವ ಮಗಳ ಮುಖ ನೋಡದೆ ತಂಬಿಗೆಯನ್ನು ಅವಳ ಕೈಗಿಟ್ಟಳು.

“ನೀರಿಗಿ ಕೈ ಹಚ್ಚಿ ನೋಡು,” ಎಂದಳು. “ಭಾಳ ಬಿಸಿ ಇದ್ರ ಅವಗ ಸೇರಂಗಿಲ್ಲ.”

ಮೊದಲ ತಂಬಿಗೆ ಬಿತ್ತು. ಅದರ ಹಿಂದೆ ಉಳಿದದ್ದೆಲ್ಲ ತಾನಾಗಿ ಹೊರಟಿತು. ಯಾರೋ ಭಂತೇಜಿಗೆ ಫೋನು ಮಾಡಿದರು. ಧರ್ಮಣ್ಣ ಎದ್ದು, ರುಮಾಲು ಕೊಡವಿ, ಹರಿಯ ಮುಂದೆ ಹಾದುಹೋಗುವಾಗ ಒಂದು ಗಳಿಗೆ ನಿಂತ. “ಕುರ್ಚಿ ಖಾಲಿ ಅದ, ಕೂಡ್ರಿ,” ಎಂದು ಹೇಳಿ ಕುಣಿಯ ಜಾಗ ತೋರಿಸಲು ಹೊಲದ ಕಡೆ ನಡೆದ.

*

ಹೊಲದಲ್ಲಿ ತೊಗರಿ ಕೊಯ್ಲಾಗಿ ಕೂಳೆ ನಿಂತಿತ್ತು. ಭಂತೇಜಿ ತ್ರಿಶರಣ ಹೇಳಿಸಿದರು. ಹೆಣ ಇಳಿಸಿದ ಮೇಲೆ ಒಬ್ಬೊಬ್ಬರೇ ಬಂದು ಮುಷ್ಟಿ ಮಣ್ಣು ಹಾಕಿದರು. ಜೇವರ್ಗಿಯಿಂದ ಬಂದಿದ್ದ ಇಮಾಮಸಾಬ, ಬಹಳ ವರ್ಷ ಕಂಪನಿಯ ಜೀಪು ನಡೆಸಿದವನು, ಮಣ್ಣು ಹಾಕಿ ಪಕ್ಕಕ್ಕೆ ಸರಿದು ನಿಂತ. ಕೊನೆಗೆ ಮಧುಮತಿ ಬಗ್ಗಿ ಕಪ್ಪು ಮಣ್ಣು ತೆಗೆದುಕೊಂಡಳು.

“ನೀ ನನ್ನ ಮದುವಿಗಿ ಬರಲಿಲ್ಲಣ್ಣಾ,” ಎಂದಳು ಕುಣಿಯೊಳಗೆ ನೋಡುತ್ತ. “ನಾ ನಿನ್ನ ಮಣ್ಣಿಗಿ ಬಂದೇನಿ.”

ಧಮ್ಮಪಾಲ ಕಣ್ಣು ಮುಚ್ಚಿದ. ಇಮಾಮಸಾಬ ಒಮ್ಮೆ ಧರ್ಮಣ್ಣನ ಕಡೆ, ಒಮ್ಮೆ ಹೆಣದ ಕಡೆ ನೋಡಿದ.

“ಸಾಬ್ ಬಂದಿದ್ರು ಅಕ್ಕಾರ,” ಎಂದ.

ಅವಳು ತಿರುಗಿದಳು.

“ಸ್ಲ್ಯಾಬ್ ಅರ್ಧಕ್ಕ ಬಿಟ್ಟು ಜೀಪ್ ಹತ್ತಿದ್ರು. ಅರ್ಧಕ್ಕ ಬಿಡೋದಲ್ರೀ ಅದು, ನೌಕರಿ ಹೋಗೋ ಕೆಲಸ. ಮೈತುಂಬ ಸಿಮೆಂಟ. ದಾರ್ಯಾಗ ಎರಡು ಹಾರ ತಗೊಂಡ್ರು. ನಾವು ಹೋಗೋ ಹೊತ್ತಿಗಿ ಕಚೇರಿ ಬಾಗಲಾ ಹಾಕಿತ್ತು. ಮೆಟ್ಟಲ ಮ್ಯಾಲ ನಿಮ್ಮ ಹೂವು ಬಿದ್ದಿದ್ವು. ಸಾಬ್ ಆ ಹಾರ ಬಾಗಲದ ಕೊಂಡಿಗಿ ಹಾಕಿದ್ರು.”

ಗಾಳಿಗೆ ಕೂಳೆ ಸದ್ದು ಮಾಡಿತು. ಸಲಿಕೆಯವರು ಕುಣಿಯ ಎರಡೂ ಬದಿಗೆ ನಿಂತಿದ್ದರು. ತಂಗಿಯ ಕೈಯ ಮಣ್ಣು ಬೀಳದೆ ಅವರು ತುಂಬುವಂತಿರಲಿಲ್ಲ, ತುಂಬದೆ ಮೇಣದ ಬತ್ತಿ ಹಚ್ಚುವಂತಿರಲಿಲ್ಲ, ಹಚ್ಚದೆ ಯಾರೂ ಮನೆಗೆ ತಿರುಗುವಂತಿರಲಿಲ್ಲ. ಮಧುಮತಿ ಮುಷ್ಟಿ ಬಿಚ್ಚಲಿಲ್ಲ. ಬೆರಳ ಸಂದಿಯಿಂದ ಮಣ್ಣು ಸ್ವಲ್ಪ ಸ್ವಲ್ಪವೇ ಉದುರುತ್ತಿತ್ತು. ಅವಸರ ಮಾಡು ಎಂದು ಯಾರೂ ಹೇಳಲಿಲ್ಲ. ಧರ್ಮಣ್ಣನೂ ರುಮಾಲು ತೆಗೆದು ಕೈಯಲ್ಲಿ ಹಿಡಿದು ನಿಂತಿದ್ದ.

ಆ ದಿನ ತಾನು ಬಂದಿದ್ದೆನೆಂದು ಜಗದೇವ ತಂಗಿಗೆ ಒಮ್ಮೆಯೂ ಹೇಳಿರಲಿಲ್ಲ.