ಎಂಜಿನ್ನಿಗೆ ಹೋದ ಎರಡು ಸರಳು

ಪ್ರಭುದೇವನ ತಲೆ ಮತ್ತೆ ಎಡಕ್ಕೆ ವಾಲಿತು. ತಮ್ಮ ಶಶಿಕಾಂತ ಗದ್ದ ಹಿಡಿದೆತ್ತಿ, ಹಣೆಗೆ ಸುತ್ತಿದ್ದ ಬಿಳಿ ಪಟ್ಟಿಯನ್ನು ಕಿಟಕಿಯ ಗ್ರಿಲ್ಲಿಗೆ ಇನ್ನೊಂದು ಸುತ್ತು ಬಿಗಿದ. ಲಿಂಗಾಯತರ ಹೆಣ, ಮಲಗಿಸುವ ಹಾಗಿಲ್ಲ. ಕೂತೇ ಮಣ್ಣಿಗೆ ಹೋಗಬೇಕು. ಡೊಂಬಿವಲಿಯ ಈ ಮೂರನೇ ಮಹಡಿಯ ವನ್ ರೂಮ್ ಕಿಚನ್ನಿನಲ್ಲಿ ಕೂಡಿಸಲು ಇದ್ದ ಜಾಗ ಅದೊಂದೇ. ಎದುರಿಗೆ ಮೇಜು, ಮೇಜಿನ ಮೇಲೆ ಎರಡೂವರೆ ಅಡಿಯ ರೈಲು ಎಂಜಿನ್. ಸತ್ತ ಮೇಲೂ ಗಂಡ ಅದನ್ನೇ ನೋಡುತ್ತ ಕೂತಿದ್ದಾನಲ್ಲ ಎಂದು ಸೌಭಾಗ್ಯಳಿಗೆ ಅಳು ಬರುವ ಬದಲು ಮೈಯೆಲ್ಲ ಉರಿಯಿತು.

"ಏನ್ ಕೈರೀ ಈ ಮನಷ್ಯಾಂದು!" ಬಂದವರು ಹೆಣಕ್ಕೊಂದು ಕೈಮುಗಿದು ಎಂಜಿನ್ನಿನ ಕಡೆಗೇ ತಿರುಗುತ್ತಿದ್ದರು.

ಅವರಿಗೆಲ್ಲ ವಿವರಿಸುತ್ತಿದ್ದವನು ಯತಿನ್, ಠಾಣೆಯ ಮಾಡೆಲ್ ರೈಲು ಕ್ಲಬ್ಬಿನವನು. "ಮಾಥೇರಾನಿನ ಮಿನಿಟ್ರೇನ್ ಉಂಟಲ್ಲ, ನ್ಯಾರೋಗೇಜ್, ಅದರ ಹಳೇ ಸ್ಟೀಮ್ ಎಂಜಿನ್ ಇದು. ಬಾಯ್ಲರ್ ನೋಡಿ, ಬೆಂಕಿ ನಂದಿಸುವ ಸಿಲಿಂಡರ್. ಒಳಗೆ ಕಾರಿನ ವೈಪರ್ ಮೋಟರ್. ಚಕ್ರ ಯಾವುದೋ ಗೇಟಿನದ್ದು. ಅಂಗಡಿಯಿಂದ ತಂದದ್ದು ಒಂದೂ ಇಲ್ಲ ಮಾರಾಯ್ರೆ, ಪೂರಾ ಭಂಗಾರ್, ಗುಜರಿ ಮಾಲು!"

"ಪಪ್ಪಾ ಗ್ರೇಟ್ ಥೇ," ಎಂದಳು ವಾಶಿಯಿಂದ ಬೆಳಗ್ಗೆ ಓಡಿಬಂದ ಮಗಳು ನಿಕಿತಾ. ಎಂಜಿನ್ ಇವತ್ತೇ ಯತಿನ್‌ನ ಕಾರಿನಲ್ಲಿ ಕ್ಲಬ್ಬಿಗೆ ಹೋಗುವುದು, ಗಾಜಿನ ಕಪಾಟು, ಕೆಳಗೆ ಪಪ್ಪನ ಹೆಸರು. ಎಲ್ಲ ಅವರಿಬ್ಬರೇ ಮಾತಾಡಿ ಮುಗಿಸಿದ್ದರು. ಸೌಭಾಗ್ಯಳನ್ನು ಯಾರೂ ಕೇಳಿರಲಿಲ್ಲ.

ಭಂಗಾರ್ ಅಂತೆ. ಸೌಭಾಗ್ಯ ಮೂಲೆಗೆ ನೋಡಿದಳು. ಹೂವಿನ ಕವರು ಹೊದ್ದು ಅವಳ ಹೊಲಿಗೆ ಮಿಷನ್ ನಿಂತಿತ್ತು.

*

ಹದಿನಾರು ವರ್ಷದ ಹಿಂದಿನ ಮಾತು. ತಾಯಿ ತೀರಿಕೊಂಡಳೆಂದು ವಿಜಯಪುರಕ್ಕೆ ಹೋದವಳು ಹದಿನೈದು ದಿನಕ್ಕೆ ತಿರುಗಿ ಬಂದರೆ ಮಿಷನ್ನಿನ ಮುಖ ಬಿಚ್ಚಿತ್ತು. ಸೂಜಿ ಹಿಡಿಯುವ ಸರಳು, ಬಟ್ಟೆ ಒತ್ತುವ ಸರಳು, ಎರಡೂ ಅರ್ಧಂಬರ್ಧ ಎಂಜಿನ್ನಿನ ಎರಡು ಮಗ್ಗುಲಿಗೆ ಕೂತು ಮಿಂಚುತ್ತಿದ್ದವು.

"ಪಿಸ್ಟನ್ ರಾಡಿಗೆ ಹೇಳಿ ಮಾಡಿಸಿದಂಗ ಅವ ನೋಡ!" ಪ್ರಭುದೇವ ಮಗುವಿನ ಹಾಗೆ ಕುಣಿಯುತ್ತಿದ್ದ. ಪಂಪಿನ ಕಾರ್ಖಾನೆಯ ಫಿಟರ್ ಅವನು. "ಎಂಜಿನ್ ಒಮ್ಮೆ ಓಡ್ಲಿ, ಹಂಗೇ ತಗದು ನಿನ್ನ ಮಿಷನ್ನಿಗೆ ಹಾಕ್ತೀನಿ. ನಿನ್ನಾಣಿ."

ಲಗ್ನದ ದಿನಗಳು. ಹದಿನಾಲ್ಕು ಬ್ಲೌಸು ಕತ್ತರಿಸಿಟ್ಟಿದ್ದಳು. ತುಂಡುಗಳನ್ನು ಹಾಗೆಯೇ ಗಂಟು ಕಟ್ಟಿಕೊಂಡು ಬಿಲ್ಡಿಂಗಿನಿಂದ ಬಿಲ್ಡಿಂಗಿಗೆ ಹೋಗಿ, ಒಂದೊಂದು ಬಾಗಿಲಲ್ಲೂ ಬೈಸಿಕೊಂಡು ಮರಳಿಸಿದಳು. ಆಮೇಲೆ ಆ ಗಲ್ಲಿಯಲ್ಲಿ ಯಾರೂ ಅವಳ ಬಾಗಿಲು ತಟ್ಟಲಿಲ್ಲ. ಅವಳದೇ ಒಂದು ಹಸಿರು ಬ್ಲೌಸಿನ ತುಂಡುಗಳು ಮಾತ್ರ ಕವರಿನೊಳಗೆ ಉಳಿದವು.

ಸ್ಟೇಷನ್ ಹತ್ತಿರದ ರಿಪೇರಿಯವನ ಕಡೆ ಹೋಗಿ ಬರ್ತೀನಿ ಎಂದರೆ ಸಿಟ್ಟು. "ಮನ್ಯಾಗ ಫಿಟರ್ ಇಟ್ಕೊಂಡು ಹೊರಗ ಹೋಗ್ತಿಯೇನ? ನನ್ನ ಮಾನಾ ಕಳೀಬ್ಯಾಡ."

ಮೂರು ವರ್ಷಕ್ಕೆ ಎಂಜಿನ್ ಓಡಿತು. ಬಣ್ಣ ಆಗಲಿ ಎಂದ. ಬಣ್ಣ ಆಯಿತು. ದೀಪ ಆಗಲಿ ಎಂದ. ಅವಳು ಬ್ಯಾಟರಿ ಹಿಡಿದು ಪಕ್ಕದಲ್ಲಿ ಕೂತು ಕಾದಳು.

*

"ಸೌಭಾಗ್ಯವ್ವಾ, ಮಣ್ಣಾಗ ಜೋಡಿ ಇಡೂ ವಿಭೂತಿ-ಪತ್ರಿ ತುಂಬಾಕ ಚೀಲನೇ ತಂದಿಲ್ಲ ಇವ್ರು." ಪಕ್ಕದ ಬಿಲ್ಡಿಂಗಿನ ಮುದುಕಿ ಬಾಲಮ್ಮ, ಸಾವಿನ ಮನೆಯ ಶಾಸ್ತ್ರಕ್ಕೆಲ್ಲ ಅವಳೇ ಮುಂದೆ. "ಬಿಳಿ ಅರಿವಿ ಅದ. ಮಿಷನ್ ಮ್ಯಾಲ ಎರಡ್ ಹೊಲಿಗಿ ಹಾಕು."

"ಇವತ್ತ ವೈನಿ ಕಡೆ ಹೊಲಸ್ತೀರೇನ್ರಿ ಅಜ್ಜಿ?" ಎಂದ ಮೈದುನ ಶಶಿಕಾಂತ.

"ಮತ್ತ ನೀ ಹೊಲೀತಿ ಏನ? ಬಂದ್ಬಿಟ್ಟ ದೊಡ್ಡಾಂವ." ಬಾಲಮ್ಮ ತಾನೇ ಕವರು ಎಳೆದಳು. ಹಸಿರು ತುಂಡುಗಳು ನೆಲಕ್ಕೆ ಜಾರಿದವು. ಮಿಷನ್ನಿನ ಮುಖ ಪೊಳ್ಳು. "ಅಯ್ಯ, ಇದರ ಸೂಜಿ ಎಲ್ಲಿ ಅದ?"

"ಅಲ್ಲಿ ಅದ," ಸೌಭಾಗ್ಯ ಎಂಜಿನ್ ತೋರಿಸಿದಳು.

ಯತಿನ್ ಅದಕ್ಕೆ ಟವೆಲ್ ಸುತ್ತುತ್ತಿದ್ದ. ಅವಳು ಕಪಾಟಿನಿಂದ ಸ್ಕ್ರೂಡ್ರೈವರ್ ತೆಗೆದುಕೊಂಡು ಟವೆಲ್ ಸರಿಸಿದಳು. ಯಾವ ಸ್ಕ್ರೂ ಎಲ್ಲಿದೆ ಎಂದು ಅವಳಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ.

"ಮಮ್ಮಿ, ಯೇ ಕ್ಯಾ ಕರ್ ರಹೀ ಹೋ? ಲೋಗ್ ದೇಖ್ ರಹೇ ಹೈಂ."

"ನೋಡ್ಲಿ."

"ಆಂಟಿ, ಪ್ಲೀಸ್," ಯತಿನ್ ಅಳುವುದೊಂದು ಬಾಕಿ. "ಅದನ್ನು ತೆಗೆದರೆ ಇದು ಎಂಜಿನ್ನಾಗಿ ಉಳಿಯೂದಿಲ್ಲ."

"ಅದೂ ಮಿಷನ್ನಾಗಿ ಉಳದಿಲ್ಲಪ್ಪ."

ಎರಡು ಸರಳೂ ಹೊರಬಂದವು. ಸೆರಗಿನಲ್ಲಿ ಎಣ್ಣೆ ಒರೆಸಿ, ಮಿಷನ್ ಎದುರು ಮಂಡಿಯೂರಿ, ಸೂಜಿಯ ಸರಳನ್ನು ಕೆಳಗಿನ ತೂತಿನಿಂದ ಮೇಲಕ್ಕೆ ತೂರಿಸಿದಳು. ಮೇಲಿನ ತೂತಿಗೆ ಮುಟ್ಟಲಿಲ್ಲ. ಇನ್ನೊಂದನ್ನು ಹಾಕಿದಳು. ಅದೂ ಮುಟ್ಟಲಿಲ್ಲ. ಬೆಳಕಿಗೆ ಹಿಡಿದು ನೋಡಿದಳು. ಎರಡರ ತುದಿಯೂ ಗರಗಸದಲ್ಲಿ ಕೊಯ್ದು, ಅರ ಹಾಕಿ ನುಣ್ಣಗೆ ಮಾಡಿದ್ದು. ಒಂದಿಂಚು ಮೋಟು.

ನಿನ್ನಾಣಿ ಎನ್ನುವ ಹೊತ್ತಿಗೇ ಕೊಯ್ದು ಆಗಿತ್ತು.

ಗಂಡನ ಕಡೆ ನೋಡಿದಳು. ತಲೆ ಮತ್ತೆ ಎಡಕ್ಕೆ ವಾಲಿತ್ತು. ಈ ಸಲ ಯಾರೂ ಎತ್ತಲು ಹೋಗಲಿಲ್ಲ.

ಸೌಭಾಗ್ಯ ಗೋಡೆಗೆ ಒರಗಿ ಬಿಳಿ ಬಟ್ಟೆ ತೊಡೆಯ ಮೇಲೆ ಹಾಕಿಕೊಂಡು ಕೈಸೂಜಿಗೆ ದಾರ ಪೋಣಿಸಿದಳು. ಹದಿನಾರು ವರ್ಷದ ನಂತರ ಹಾಕುತ್ತಿದ್ದ ಹೊಲಿಗೆ ಸೊಟ್ಟಸೊಟ್ಟಗೆ ಹೋಯಿತು. ಪತ್ರಿ ತುಂಬಿದಳು, ವಿಭೂತಿ ಗಟ್ಟಿ ತುಂಬಿದಳು. ಕೊನೆಗೆ ಆ ಎರಡು ಸರಳನ್ನೂ ನಡುವೆ ತುರುಕಿ, ಬಾಯಿ ಹೊಲಿದು, ದಾರವನ್ನು ಹಲ್ಲಿನಿಂದ ಕಡಿದಳು.

ಕೆಳಗೆ ಟೆಂಪೊ ಹಾರ್ನ್ ಹೊಡೆಯಿತು.

"ಯವ್ವಾ, ಎಷ್ಟ್ ಜಡಾ ಅದ ಇದು!" ಎನ್ನುತ್ತ ಬಾಲಮ್ಮ ಚೀಲವನ್ನು ಹೆಣದ ತೊಡೆಯ ಮೇಲಿಟ್ಟಳು. ಎತ್ತಲೆಂದು ಶಶಿಕಾಂತ ಗ್ರಿಲ್ಲಿನ ಪಟ್ಟಿ ಬಿಚ್ಚಿದ. ಪ್ರಭುದೇವನ ತಲೆ ಮುಂದಕ್ಕೆ ಬಾಗಿ, ನೋಟ ಎಂಜಿನ್ ಬಿಟ್ಟು, ಆ ಸೊಟ್ಟ ಹೊಲಿಗೆಯ ಮೇಲೆ ನಿಂತಿತು.